ಹದಿನೈದು ಸೆಕೆಂಡಿನ ಸೋಬಾನೆ

ನನ್ನ ಅಣ್ಣನ ಮಗ ತೀರ್ಥೇಶ ತನ್ನನ್ನು ಕಲಾವಿದ ಎಂದು ಕರೆದುಕೊಳ್ಳುತ್ತಾನೆ. ಕಡೂರಿನಲ್ಲಿ ಬೇರೆ ಯಾರೂ ಹಾಗೆ ಕರೆದದ್ದು ನಾನು ಕೇಳಿಲ್ಲ. ಮನೆಗೆ ತೆಂಗಿನ ತೋಟವಿದೆ, ಅನ್ನಕ್ಕೆ ತೊಂದರೆಯಿಲ್ಲ. ಅಂಥವನಿಗೆ ಕಲಾವಿದನಾಗಲು ಇನ್ನೇನು ಬೇಕು?

ಹತ್ತು ವರ್ಷದ ಹಿಂದೆ ಅವನದು ಪ್ರೋಗ್ರೆಸಿವ್ ರಾಕ್. ಕೂದಲು ಬಿಟ್ಟು, ತರೀಕೆರೆಯ ಇಬ್ಬರನ್ನು ಕಟ್ಟಿಕೊಂಡು, ಕಾಲೇಜು ವಾರ್ಷಿಕೋತ್ಸವದಲ್ಲಿ ಹನ್ನೊಂದು ನಿಮಿಷದ ಒಂದೇ ಹಾಡು ನುಡಿಸಿದ. ತಾಳಕ್ಕೆ ಒಮ್ಮೆ ಏಳು ಪೆಟ್ಟು, ಒಮ್ಮೆ ಐದಂತೆ. ಕರೆಂಟು ಹೋದಾಗ ಜನ ಚಪ್ಪಾಳೆ ತಟ್ಟಿದರು, ಅದು ತನಗೆಂದುಕೊಂಡ.

ಎರಡು ವರ್ಷಕ್ಕೆ ಅದು ಹಳತಾಯಿತು. ಕೂದಲು ಕತ್ತರಿಸಿ ಆಲ್ಟರ್ನೇಟಿವ್ ಆದ. ಆಲ್ಟರ್ನೇಟಿವ್ ಎಂದರೆ, ನಾನು ಕಂಡಂತೆ, ಜ್ವರ ಬಂದವರ ಹಾಗೆ ಗೊಣಗುವುದು. ಹೊತ್ತುಹೊತ್ತಿಗೆ ತಾಯಿ ಬಡಿಸಿದ ಬಿಸಿಮುದ್ದೆ ಉಂಡು ಒಂಟಿತನದ ಮೇಲೆ ಹಾಡು ಕಟ್ಟುತ್ತಿದ್ದ. ಅಜ್ಜಂಪುರದಲ್ಲಿ ಹಾಡಿದಾಗ ಅರ್ಧ ಜನ ಎದ್ದುಹೋದರು. “ಇಲ್ಲಿನ ಜನಕ್ಕೆ ಟೇಸ್ಟಿಲ್ಲ ಚಿಕ್ಕಪ್ಪ” ಅಂದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಕೊರೊನಾದಲ್ಲಿ ಕೋಣೆ ಸೇರಿ ಲೋ-ಫೈ ಮಾಡಿದ. ಹಳೇ ಕ್ಯಾಸೆಟ್ಟಿನ ಗರಗರ ಸದ್ದನ್ನು ಬೇಕೆಂದೇ ಹಾಡಿಗೆ ಸೇರಿಸುತ್ತಿದ್ದ. ಆ ಗರಗರ ಹೋಗಲೆಂದು ನಾವು ಟೇಪ್ ರೆಕಾರ್ಡರ್ ಒರೆಸಿ ಒರೆಸಿ ಸಾಕಾಗಿತ್ತು.

ಈಗ ಪಾಪ್. ಅಂದರೆ ಹದಿನೈದು ಸೆಕೆಂಡು.

“ಅದ್ಕಿಂತ ಜಾಸ್ತಿ ಯಾರೂ ಕೇಳಲ್ಲ ಚಿಕ್ಕಪ್ಪ. ರೀಲ್ಸಿಗೆ ಅಷ್ಟೇ ಬೇಕಿರೋದು.”

ಅವನ ಕಣ್ಣು ಕೊನೆಗೆ ಬಿದ್ದದ್ದು ನನ್ನ ಅವ್ವ ಹುಚ್ಚಮ್ಮನ ಮೇಲೆ. ನಮ್ಮ ಮನೆಯ ಹೆಣ್ಣುಮಕ್ಕಳಿಗೆ ಮಡಿಲಕ್ಕಿ ತುಂಬಿ ಕಳಿಸುವಾಗ ಸೋಬಾನೆ ಹಾಡುವವಳು ಅವ್ವ. ಅವಳು ಒಂದು ಸೊಲ್ಲು ಹಾಡಿದರೆ ಉಳಿದ ಹೆಂಗಸರು ಅದನ್ನು ಎತ್ತಿಕೊಂಡು ಮತ್ತೆ ಹಾಡಬೇಕು. ಕಾಲು ಗಂಟೆಯ ಹಾಡು. ಕೊನೆಯಲ್ಲಿ ಮದುಮಗಳ ಹೆಸರು ಹೇಳಿ ಹರಸುತ್ತದೆ. ನನ್ನ ಅಕ್ಕತಂಗಿಯರೆಲ್ಲ ಆ ಹೆಸರು ಕೇಳಿಕೊಂಡೇ ಹೊಸಲು ದಾಟಿದವರು.

ತೀರ್ಥೇಶ ಅವ್ವನ ಮೊದಲ ಸೊಲ್ಲನ್ನಷ್ಟೇ ಫೋನಿನಲ್ಲಿ ಹಿಡಿದು, ಡ್ರಮ್ಮು ಸೇರಿಸಿ ರೀಲ್ಸಿಗೆ ಬಿಟ್ಟ. ಟ್ರ್ಯಾಕ್ಟರ್ ಕೊಂಡವರು, ಕುರಿ ತೊಳೆಯುವವರು, ಎಲ್ಲರೂ ಅದಕ್ಕೇ ಕುಣಿದರು. ಒಳ್ಳೆಯವನಂತೆ ಬೈಯುತ್ತಿದ್ದೇನೆ, ನನ್ನ ರಿಂಗ್‌ಟೋನೂ ಅದೇ ಆಗಿತ್ತು.

ಅವನ ತಂಗಿ ಸ್ಫೂರ್ತಿಯನ್ನು ಸಖರಾಯಪಟ್ಟಣಕ್ಕೆ ಕೊಟ್ಟೆವು. ಸೀರೆ, ಒಡವೆ ಯಾವುದಕ್ಕೂ ತಕರಾರು ತೆಗೆಯದ ಹುಡುಗಿ ಒಂದನ್ನು ಮಾತ್ರ ಕೇಳಿದಳು.

“ಅಜ್ಜಿ, ನನ್ ಹೆಸರು ಬರೋ ತನ್ಕ ಹಾಡ್ಬೇಕು ಕಣಜ್ಜಿ.”

“ಹಾಡ್ದೆ ಬಿಡ್ತೀನೇನೇ” ಅಂದಳು ಅವ್ವ.

ಮದುವೆಯ ಮಧ್ಯಾಹ್ನ ಮಡಿಲಕ್ಕಿ ತುಂಬುವ ಹೊತ್ತಿಗೆ ತೀರ್ಥೇಶ ದೊಡ್ಡ ಸ್ಪೀಕರಿನಲ್ಲಿ ತನ್ನ ಹದಿನೈದು ಸೆಕೆಂಡು ಹಚ್ಚಿದ. ಅದು ಮುಗಿದು ಮುಗಿದು ಮತ್ತೆ ಮೊದಲಾಗುತ್ತಿತ್ತು. ಬೀಗರ ಹುಡುಗರು ಕುಣಿದರು. ಅವ್ವ ಎರಡು ಸಲ ಬಾಯಿ ತೆರೆದು ಮುಚ್ಚಿದಳು.

“ಅಣ್ಣ, ನಿಲ್ಸೋ” ಅಂದಳು ಸ್ಫೂರ್ತಿ.

“ಇರೇ, ಎಲ್ರೂ ಎಂಜಾಯ್ ಮಾಡ್ತಾವ್ರೆ.”

ನಾನು ಹೋಗಿ ಸ್ಪೀಕರಿನ ವೈರು ಕಿತ್ತೆ.

ಅವ್ವ ಶುರು ಮಾಡಿದಳು. ಮೊದಲ ಸೊಲ್ಲನ್ನು ಹೆಂಗಸರೆಲ್ಲ ಒಂದೇ ದನಿಯಲ್ಲಿ ಎತ್ತಿಕೊಂಡರು. ಅವ್ವ ಎರಡನೆಯದಕ್ಕೆ ಹೋದಳು; ಅವರು ಮತ್ತೆ ಮೊದಲನೆಯದಕ್ಕೇ ಹೋದರು, ಫೋನಿನಲ್ಲಿ ಹಾಗೇ ಅಲ್ಲವೇ ಕೇಳಿದ್ದು. ತಪ್ಪು ಗೊತ್ತಾಗಿ ಒಬ್ಬೊಬ್ಬರೇ ನಕ್ಕು ಸುಮ್ಮನಾದರು. ಅವ್ವ ಎರಡನೆಯ ಸೊಲ್ಲನ್ನು ಇನ್ನೊಮ್ಮೆ ಹಾಡಿ ಕಾದಳು. ಮತ್ತೆ ತಪ್ಪೀತೆಂದು ಯಾರೂ ಎತ್ತಿಕೊಳ್ಳಲಿಲ್ಲ. ನಾನು ತೀರ್ಥೇಶನನ್ನು ನೋಡಿದೆ. ಹತ್ತು ವರ್ಷದ ಸಂಗೀತಗಾರ ವೈರು ಹುಡುಕುತ್ತಿದ್ದ. ನನಗಾದರೂ ಬಾಯಿ ಬಂತೇ? ಗಂಡಸು, ನಾಚಿಕೆ.

ಮಡಿಲ ಅಕ್ಕಿ ಚೆಲ್ಲದಂತೆ ಸೆರಗು ಹಿಡಿದುಕೊಂಡು ಸ್ಫೂರ್ತಿಯೇ ಸೊಲ್ಲು ಎತ್ತಿಕೊಂಡಳು. ಮದುಮಗಳು ತನ್ನ ಸೋಬಾನೆಗೆ ತಾನು ದನಿಗೂಡಿಸಬಾರದು. ತವರಿನಲ್ಲಿ ಯಾರೂ ಉಳಿದಿಲ್ಲದವಳು ಮಾತ್ರ ಹಾಗೆ ಹಾಡುತ್ತಾಳೆ ಎನ್ನುತ್ತಾರೆ ನಮ್ಮಲ್ಲಿ. ಮುನ್ನೂರು ನೆಂಟರು ನಿಂತು ನೋಡಿದೆವು. ಕೊನೆಗೆ ಅವ್ವ ಅವಳ ಹೆಸರು ಹಾಡಿದಳು. ಅದನ್ನೂ ಸ್ಫೂರ್ತಿ ಒಬ್ಬಳೇ ಎತ್ತಿಕೊಂಡಳು.