ಅಣ್ಣನ ಇದ್ದಿಲು ಕೋಳಿ

ಅಣ್ಣನನ್ನು ಮಣ್ಣು ಮಾಡಿದ ಮೂರನೇ ದಿನ, ಹಾಲುತುಪ್ಪ ಬಿಡಲು ಹೋದಾಗ, ಕಾಗೆ ಬರಲಿಲ್ಲ.

ಸಮಾಧಿಯ ಮಣ್ಣುಗುಡ್ಡೆಯ ಮೇಲೆ ಬಾಳೆಲೆ ಹಾಸಿ ಅವನಿಗೆ ಇಷ್ಟವಾದುದನ್ನೆಲ್ಲ ಬಡಿಸಿದ್ದೆವು. ರಾಗಿಮುದ್ದೆ, ಹುರುಳಿಕಾಳಿನ ಸಾರು, ಒಬ್ಬಟ್ಟು, ಒಂದು ಕಟ್ಟು ಬೀಡಿ. ಎರಡು ಕಾಗೆಗಳು ಎದುರಿನ ಹೊಂಗೆ ಮರದಲ್ಲಿ ಕೂತು ನೋಡುತ್ತಿದ್ದವೇ ಹೊರತು ಕೆಳಗಿಳಿಯಲಿಲ್ಲ. ಸತ್ತವರಿಗೆ ಏನಾದರೂ ಆಸೆ ಉಳಿದಿದ್ದರೆ ಕಾಗೆ ಎಡೆ ಮುಟ್ಟುವುದಿಲ್ಲ ಎಂದು ನಮ್ಮಲ್ಲಿ ನಂಬಿಕೆ. ಆ ಆಸೆ ಯಾವುದೆಂದು ಊಹಿಸಿ, ನೆರವೇರಿಸುತ್ತೇವೆಂದು ಗಟ್ಟಿಯಾಗಿ ಹೇಳಬೇಕು. ಹೊಲ ಪಾಳು ಬಿಡುವುದಿಲ್ಲ ಎಂದು ನಾನು ಹೇಳಿದೆ. ಅತ್ತಿಗೆಯನ್ನು ಕೊನೆಯವರೆಗೂ ನೋಡಿಕೊಳ್ಳುತ್ತೇವೆ ಎಂದೆ. ಒಂದು ಕಾಗೆ ಕೊಂಬೆಗೆ ಕೊಕ್ಕು ಉಜ್ಜಿಕೊಂಡಿತು, ಅಷ್ಟೆ.

ಕೊನೆಗೆ ಅವ್ವ ಮುಂದೆ ಬಂದು ಸೆರಗು ಒಡ್ಡಿ ನಿಂತಳು. "ನಿನ್ ಇದ್ಲು ಕೋಳಿನೇನ್ಲಾ ಮಗಾ? ಪಕ್ಷಕ್ಕೆ ನಿನ್ ಎಡೇಲಿ ಅದ್ನೇ ಮಡಗ್ತೀವಿ ಕಣಪ್ಪ. ನೀನ್ ತಿಂದಿದ್ದಂಗೇ ಮಡಗ್ತೀವಿ. ಬಾ, ಮುಟ್ಟು."

ಕಾಗೆ ಇಳಿದು ಬಂದು ಮುದ್ದೆಯ ಅಂಚನ್ನು ಕಚ್ಚಿಕೊಂಡು ಹೋಯಿತು.

ಮನೆಗೆ ಹಿಂತಿರುಗುವಾಗ ಅತ್ತಿಗೆ ನನ್ನ ಪಕ್ಕದಲ್ಲಿ ನಡೆಯುತ್ತಾ ಮೆಲ್ಲಗೆ ಕೇಳಿದಳು. "ಅದ್ನ ಎಂಗ್ ಮಾಡೋದು, ನಿಂಗ್ ಗೊತ್ತಾ?"

ನನಗೆ ಗೊತ್ತಿರಲಿಲ್ಲ. ಅವ್ವನಿಗೂ ಗೊತ್ತಿರಲಿಲ್ಲ. ನಮ್ಮ ಮನೆಯಲ್ಲಿ ಯಾರೂ ಇದ್ದಿಲು ಕೋಳಿಯನ್ನು ಕಣ್ಣಾರೆ ಕಂಡವರಲ್ಲ.

ನಮ್ಮೂರು ಹುಣಸೂರಿನಿಂದ ವೀರನಹೊಸಹಳ್ಳಿಗೆ ಹೋಗುವ ದಾರಿಯಲ್ಲಿದೆ. ಅಣ್ಣ ಮದುವೆಗೆ ಮುಂಚೆ ಇದ್ದಿಲು ಬಸ್ಸಿನಲ್ಲಿ ಕ್ಲೀನರ್ ಆಗಿದ್ದ. ಯುದ್ಧದ ಕಾಲದಲ್ಲಿ ಪೆಟ್ರೋಲು ಸಿಗದೆ, ಬಸ್ಸಿನ ಹಿಂದೆ ಆಳೆತ್ತರದ ಕಬ್ಬಿಣದ ಡ್ರಮ್ಮು ಕೂರಿಸಿ, ಅದರಲ್ಲಿ ಇದ್ದಿಲು ಉರಿಸಿ, ಬರುವ ಗ್ಯಾಸಿನಿಂದ ಓಡಿಸುತ್ತಿದ್ದರು. ಬೆಳಿಗ್ಗೆ ಬಸ್ಸು ಹೊರಡುವ ಮುಂಚೆ ಪಕ್ಕದ ಫ್ಯಾನನ್ನು ಕೈಯಲ್ಲಿ ತಿರುಗಿಸಿ ಕೆಂಡ ಮಾಡುವುದು ಅಣ್ಣನ ಕೆಲಸ. ಆ ಬಸ್ಸುಗಳು ನಿಂತುಹೋಗಿ, ಅವನು ಊರಿಗೆ ಬಂದು ನೇಗಿಲು ಹಿಡಿದು ಏಳೆಂಟು ವರ್ಷವಾಗಿತ್ತು. ಆದರೂ ಮನೆಯಲ್ಲಿ ಕೋಳಿ ಸಾರು ಮಾಡಿದ ದಿನ ಅವನ ಮಾತು ಅಲ್ಲಿಗೇ ಹೋಗುತ್ತಿತ್ತು. "ಅಂತರಸಂತೆ ದಾಟಿ ಕಾಕನಕೋಟೆ ಕಾಡಲ್ಲಿ ತಿಂದ್ನಲ್ಲ ಇದ್ಲು ಕೋಳಿ, ಅದ್ರ ಮುಂದೆ ಇದೇನೂ ಅಲ್ಲ ಬುಡವ್ವ." ಅವ್ವ ಸೌಟು ಎತ್ತಿ, "ಅಂಗಾದ್ರೆ ಆ ಡ್ರಮ್ಮನ್ನೇ ಮದ್ವೆ ಆಗ್ಬೇಕಿತ್ತು, ಇವ್ಳ್ ಯಾಕ್ ಬೇಕಿತ್ತು" ಎನ್ನುತ್ತಿದ್ದಳು. ಅತ್ತಿಗೆ ಒಲೆಯ ಕಡೆ ತಿರುಗಿ ನಗುತ್ತಿದ್ದಳು. "ಒಂದಿನ ಮಾಡಿ ತೋರಿಸ್ತೀನಿ" ಎಂದು ಅಣ್ಣ ಪ್ರತಿ ಸಲವೂ ಹೇಳುತ್ತಿದ್ದ. ಆ ವರ್ಷ ಮುಂಗಾರಿನ ಬಿತ್ತನೆ ಮುಗಿದ ವಾರದಲ್ಲಿ ಚಳಿಜ್ವರ ಬಂತು. ಒಂಬತ್ತು ದಿನ ಮಲಗಿದ್ದ.

ಹಿರಿಯರಿಗೆ ಎಡೆ ಇಡುವ ಪಕ್ಷಕ್ಕೆ, ಅಂದರೆ ಮಹಾಲಯ ಅಮಾವಾಸ್ಯೆಗೆ, ಇನ್ನೂ ಮೂರು ತಿಂಗಳಿತ್ತು. ಎಡೆಗೆ ಮಾಡುವ ಅಡುಗೆಯನ್ನು ಇಡುವ ಮುಂಚೆ ಯಾರೂ ರುಚಿ ನೋಡಬಾರದು. ಆದ್ದರಿಂದ ಅಂದೇ ಮೊದಲ ಸಲ ಕೈಹಾಕಿದರೆ ಆಗುವುದಿಲ್ಲ, ಮೊದಲೇ ಕಲಿತಿರಬೇಕು. ಮನೆಯಲ್ಲಿ ಎರಡು ಹುಂಜ ಇದ್ದವು, ಒಂದು ಕೆಂಪು, ಒಂದು ಚುಕ್ಕೆಯದು. ಕೆಂಪು ಹುಂಜ ಎಡೆಗೆ ಎಂದು ಅವ್ವ ಮೀಸಲಿಟ್ಟಳು. ಚುಕ್ಕೆಯದನ್ನು ಕಲಿಯುವುದಕ್ಕೆ ಕೊಟ್ಟಳು.

ಇದ್ದಿಲಿಗೇನೂ ನಮ್ಮಲ್ಲಿ ಬರವಿರಲಿಲ್ಲ. ಅಡುಗೆ ಮುಗಿದ ಮೇಲೆ ಒಲೆಯ ಕೆಂಡಕ್ಕೆ ನೀರು ಚಿಮುಕಿಸಿ, ಆರಿದ ಇದ್ದಿಲನ್ನು ಅವ್ವ ಒಂದು ಒಡಕು ಮಡಕೆಯಲ್ಲಿ ತುಂಬಿಡುತ್ತಿದ್ದಳು. ಬಾಣಂತಿಯರ ಕೋಣೆಯ ಅಗ್ಗಿಷ್ಟಿಕೆಗೆ ಬೇಕಾಗುತ್ತದೆಂದು ಊರಿನವರು ಬಂದು ಕೇಳಿ ಒಯ್ಯುತ್ತಿದ್ದರು. ನಾನು ಹಿತ್ತಿಲಿನಲ್ಲಿ ಮೂರು ಕಲ್ಲಿಟ್ಟು ಆ ಮಡಕೆಯನ್ನು ಸುರಿದೆ. ಕೋಳಿಯನ್ನು ಕೊಯ್ದು, ಪುಕ್ಕ ಕಿತ್ತು, ಎಂದಿನಂತೆ ಹುಲ್ಲಿನ ಬೆಂಕಿಯಲ್ಲಿ ಸೀಯಿಸಿ, ಅರಿಶಿನ ಬಳಿದು ತೊಳೆದೆವು. ನಮ್ಮ ಮನೆಯಲ್ಲಿ ಬೆಂಕಿಯು ಕೋಳಿಯ ಮೈಯನ್ನು ನೇರವಾಗಿ ಮುಟ್ಟುತ್ತಿದ್ದುದು ಅಷ್ಟೇ ಹೊತ್ತು. ಆಮೇಲೆ ಅದು ಮಡಕೆ ಸೇರಬೇಕು. ಈಗ ಅದನ್ನು ಹಸಿ ಬಿದಿರು ಕೋಲಿಗೆ ಚುಚ್ಚಿ ಇದ್ದಿಲಿನ ಮೇಲೆ ಹಿಡಿದು ಕೂತೆ.

ಇದ್ದಿಲು ಪಟಪಟ ಸಿಡಿಯಿತು. ಒಲೆಯ ಮುಂದೆ ಕೂತು ರೂಢಿಯಾದ ಅತ್ತಿಗೆ ಊದುಗೊಳವೆ ತಂದು ಊದತೊಡಗಿದಳು. ಒಂದು ಊದಿಗೆ ಉರಿ ಎದ್ದಿತು. ಎರಡನೇ ಊದಿಗೆ ಬೂದಿಯೆಲ್ಲ ಹಾರಿ ಕೋಳಿಯ ಮೈಗೆ ಅಂಟಿತು. ಕೊಬ್ಬು ತೊಟ್ಟಿಕ್ಕಿದ ಕಡೆ ಇನ್ನಷ್ಟು ಉರಿ. ನಾನು ಕೋಲನ್ನು ಮೇಲೆ ಎತ್ತುವುದು, ಅವಳು ಊದುವುದು, ಹೀಗೇ ಆಯಿತು. ಹೊರಗೆ ಕರಕಲಾದ ಮೇಲೆ ಅವ್ವ ಬಂದು ತೊಡೆಯನ್ನು ಮುರಿದು ನೋಡಿದಳು. ಮೂಳೆಯ ಹತ್ತಿರ ಇನ್ನೂ ರಕ್ತವಿತ್ತು.

"ಇದು ಇದ್ಲು ಕೋಳಿ ಅಲ್ಲ ಕಣ್ಲಾ. ಗುಡ್ಲಿಗೆ ಬೆಂಕಿ ಬಿದ್ದಾಗ ಒಳಗೆ ಸಿಗಾಕ್ಕೊಂಡ ಕೋಳಿ" ಎಂದಳು ಅವ್ವ. ಬೂದಿ ತೊಳೆದು, ತುಂಡು ಮಾಡಿ, ಸಾರಿಗೆ ಹಾಕಿದಳು. ಉಳಿದಿದ್ದು ಒಂದೇ ಹುಂಜ.

ನನಗೆ ಮಾತ್ರ ಆ ದಿನದಿಂದ ಇದ್ದಿಲಿನದೇ ಯೋಚನೆ. ಅಣ್ಣ ಹೇಳುತ್ತಿದ್ದ ಇದ್ದಿಲು ಬೇರೆಯದೇ ಇರಬೇಕು ಅನ್ನಿಸಿತು. ಹುಣಸೂರಿಗೆ ಹೋಗಿ, ಇಸ್ತ್ರಿಯವರು, ಕಮ್ಮಾರರು ಕೊಳ್ಳುವ ಮಂಡಿಯಲ್ಲಿ ಕೇಳಿದೆ. ಮಂಡಿಯವನು ಒಂದು ಚೀಲ ಬಿಚ್ಚಿ ತೋರಿಸಿದ. ನಮ್ಮ ಮಡಕೆಯ ಪುಡಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಮೊಣಕೈ ಉದ್ದದ ತುಂಡುಗಳು. ಕೊಂಬೆ ಕೊಂಬೆಯಾಗಿಯೇ ಕಪ್ಪಾಗಿದ್ದವು. ತೊಗಟೆಯ ಬಿರುಕು, ಗಂಟು, ಅಡ್ಡ ಮುರಿದ ಕಡೆ ಮರದ ಉಂಗುರಗಳು, ಎಲ್ಲವೂ ಹಾಗೇ ಉಳಿದಿದ್ದವು. ಕೈಗೆ ತೆಗೆದುಕೊಂಡರೆ ಭಾರವೇ ಇಲ್ಲ. ಒಂದಕ್ಕೊಂದು ತಾಗಿಸಿದರೆ ಹಂಚಿನ ಚೂರು ತಾಗಿದಂತೆ ಟಿಣ್ ಎನ್ನುತ್ತಿತ್ತು.

"ಕಾಡಿನ ಕಡೇದು. ದಿಂಡಿಗದ ಮರದ್ದು" ಎಂದ ಮಂಡಿಯವನು. "ಗುಂಡೀಲಿ ಕಟ್ಟಿಗೆ ಜೋಡ್ಸಿ, ಬೆಂಕಿ ಕೊಟ್ಟು, ಮೇಲೆ ಮಣ್ ಮುಚ್ಚಿ ದಿನಗಟ್ಲೆ ಬುಟ್ಬುಡ್ತಾರೆ. ನೀರು ಕಾಣದ ಇದ್ಲು. ಏನ್ ಸಾಮಿ, ಕುಲುಮೆ ಹಾಕ್ತೀರಾ?"

"ಇಲ್ಲ, ಕೋಳಿ ಸುಡಾಕೆ."

ಅವನು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ಅಂಗಾದ್ರೆ ಬಸ್ಟಾಂಡ್ ಹತ್ರ ಡ್ರೈವರ್ ಸಾಬ್ರನ್ನ ಕೇಳಿ. ಇದ್ಲಿನ ಜೊತೆ ಸಂಸಾರ ಮಾಡಿರೋರು" ಎಂದ.

ಆ ಸಾಬರೇ ಅಣ್ಣನ ಬಸ್ಸಿನ ಡ್ರೈವರ್ ಆಗಿದ್ದವರು. ಈಗ ಕಣ್ಣು ಮಂಜಾಗಿ, ಮಗನ ಸೈಕಲ್ ಅಂಗಡಿಯಲ್ಲಿ ಕೂತಿರುತ್ತಿದ್ದರು. ಅಣ್ಣ ಹೋದ ಸುದ್ದಿ ಅವರಿಗೆ ತಲುಪಿರಲಿಲ್ಲ. ನಾನು ಹೇಳಿದಾಗ ಅವರು ಬಹಳ ಹೊತ್ತು ನನ್ನ ಕೈ ಹಿಡಿದುಕೊಂಡೇ ಇದ್ದರು. ಆಮೇಲೆ ಎರಡು ಟೀ ತರಿಸಿದರು. ನಾನು ಬಂದ ಕಾರಣ ಹೇಳಿ, ಅಣ್ಣ ಅಷ್ಟೊಂದು ಸಲ ತಿಂದ ಆ ಕೋಳಿಯನ್ನು ಹೇಗೆ ಮಾಡುತ್ತಿದ್ದಿರಿ ಎಂದು ಕೇಳಿದೆ.

"ಅಷ್ಟೊಂದ್ ಸಲಾನಾ? ಅರೆ ತಮ್ಮಾ, ಒಂದೇ ಒಂದ್ ಸಲ!"

ನಾನು ಲೋಟ ಕೆಳಗಿಟ್ಟೆ.

"ಕಾಕನಕೋಟೆ ಹತ್ರ ಬಸ್ ಕೆಟ್ಟೋಯ್ತು. ಜನ ಎಲ್ಲಾ ಇಳ್ದು ನಡ್ಕೊಂಡು ಹೋದ್ರು. ಒಬ್ರು ಗೌಡ್ರು ಬೀಗರ ಮನೆಗೆ ಅಂತ ಕೋಳಿ ಹಿಡ್ಕೊಂಡು ಹೊರಟಿದ್ರು. ಇನ್ ಹೋಗಿ ಏನ್ ಮಾಡ್ಲಿ, ಹಸಿವಾಯ್ತದೆ, ಇದ್ನೇ ತಿನ್ನಾನ ಅಂದ್ರು. ಕೊಯ್ದಿದ್ದು ನಾನು. ಡ್ರಮ್ಮಿನ ಬಾಗ್ಲು ತೆಗ್ದು ಕೆಂಡ ಕೆಳಕ್ಕೆ ಎಳ್ದಿದ್ದು ನಿಮ್ಮಣ್ಣ. ಕೆಂಡ ಕೆದಕೋ ಸಲಾಕೆಗೇ ಚುಚ್ಚಿ ಸುಟ್ವಿ."

"ಊದಿದ್ರಾ?"

"ಊದೋದಾ! ಬಸ್ಸಿಗೆ ಊದ್ಬೇಕು, ಕೋಳಿಗೆ ಯಾಕೆ ಊದ್ತೀಯ? ಇದ್ಲು ಕಪ್ಪಗಿರೋವಾಗ ಹತ್ರ ಹೋಗ್ಬಾರ್ದು. ಕೆಂಪಗಾದಾಗ್ಲೂ ಬೇಡ. ಮೇಲೆ ಬಿಳೀ ಬೂದಿ ಹೊದ್ಕೊಂಡು ಸುಮ್ನಾಯ್ತದಲ್ಲ, ಆಗ. ಒಂದ್ ಗೇಣು ಮೇಲಕ್ಕೆ ಹಿಡಿ. ತಿರುಗಿಸ್ತಾ ಇರು. ಆತುರ ಪಡ್ಬೇಡ."

"ಮಸಾಲೆ?"

ಸಾಬರು ಆಚೀಚೆ ನೋಡಿ ನಗತೊಡಗಿದರು. "ನಿಮ್ಮಮ್ಮಂಗೆ ಹೇಳ್ಬೇಡ. ಉಪ್ಪೂ ಇರ್ಲಿಲ್ಲ ನಮ್ ಹತ್ರ. ನಿಮ್ಮಣ್ಣ ಏನ್ ಮಾಡ್ದ ಗೊತ್ತಾ? ಬಸ್ಸಿನ ಮುಂದೆ ದೃಷ್ಟಿಗೆ ಅಂತ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದ್ವಲ್ಲ, ಅದ್ನ ಬಿಚ್ಕೊಂಡ್ ಬಂದ! ಮೆಣಸಿನಕಾಯಿ ಕಲ್ಲಲ್ಲಿ ಜಜ್ಜಿ, ನಿಂಬೆಹಣ್ಣು ಹಿಂಡಿ ಬಳ್ದ. ಲೇ, ಅದು ದೃಷ್ಟಿಗೆ ಕಟ್ಟಿದ್ದು ಕಣೋ, ತಿನ್ಬಾರ್ದು ಅಂದೆ. ಬಸ್ಸೇ ಕೆಟ್ಟು ನಿಂತದೆ, ಇನ್ಯಾವ ದೃಷ್ಟಿ ತಾಗ್ತದೆ ಸಾಬ್ರೇ ಅಂದ."

"ಚೆನ್ನಾಗಿತ್ತಾ?"

ಅವರು ಟೀಯ ಕೊನೆಯ ಗುಟುಕು ಕುಡಿದರು. "ಹಸಿವಿತ್ತು" ಎಂದರು.

ಒಂದು ಚೀಲ ದಿಂಡಿಗದ ಇದ್ದಿಲು ಗಾಡಿಗೆ ಹಾಕಿಕೊಂಡು ಬಂದೆ. ಅವ್ವನಿಗೆ ಊದಬಾರದು ಎಂಬುದನ್ನು ಹೇಳಿದೆ, ಉಪ್ಪಿಲ್ಲದ ಸಂಗತಿ ಹೇಳಲಿಲ್ಲ. ಅದನ್ನೂ ದೃಷ್ಟಿ ನಿಂಬೆಹಣ್ಣಿನ ಕತೆಯನ್ನೂ ಅತ್ತಿಗೆಗೆ ಮಾತ್ರ ಹೇಳಿದೆ. ಅವಳು ಕಡಲೆಕಾಯಿ ಬಿಡಿಸುತ್ತಿದ್ದವಳು ಕೈ ನಿಲ್ಲಿಸಿ, ಬಾಯಿಗೆ ಸೆರಗು ಒತ್ತಿಕೊಂಡಳು. ಅಳುತ್ತಿದ್ದಾಳೆ ಅಂದುಕೊಂಡೆ. ನಗುತ್ತಿದ್ದಳು. ಅಣ್ಣ ಹೋದ ಮೇಲೆ ಅವಳು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಹುಂಜ ಒಂದೇ ಉಳಿದಿದ್ದರಿಂದ ಬೇರೆಯದರಲ್ಲಿ ಕಲಿಯಬೇಕಾಯಿತು. ಗೆಣಸು, ಬದನೆಕಾಯಿ, ಮುಸುಕಿನ ಜೋಳ, ಸಿಕ್ಕಿದ್ದನ್ನೆಲ್ಲ ಸುಟ್ಟು ನೋಡಿದೆವು. ಮುಂಜಾನೆ ಕೆಲಸಕ್ಕೆ ಮುಂಚೆ ನಾಲ್ಕು ತುಂಡು ಇದ್ದಿಲು ಹಚ್ಚುತ್ತಿದ್ದೆ. ಮೊದಲು ಅಂಚು ಕೆಂಪಾಗಿ, ಕೆಂಪು ಒಳಕ್ಕೆ ನಡೆದು, ಆಮೇಲೆ ಮೇಲೆಲ್ಲ ಬೂದಿ ಕಟ್ಟಿ ಆರಿಹೋದಂತೆ ಕಾಣುತ್ತಿತ್ತು. ಆದರೆ ಅಂಗೈ ಹಿಡಿದರೆ ನಾಲ್ಕು ಎಣಿಸುವಷ್ಟರಲ್ಲಿ ಹಿಂದೆಗೆಯಬೇಕು. ಹೊಗೆಯಿಲ್ಲ, ಉರಿಯಿಲ್ಲ, ಸದ್ದಿಲ್ಲ. ಇಷ್ಟು ಸುಮ್ಮನಿರುವ ಬೆಂಕಿಯನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಅತ್ತಿಗೆಗೆ ಮಾತ್ರ ಊದದೆ ಕೂರುವುದೇ ಕಷ್ಟವಾಯಿತು. ಕೊನೆಗೆ ಅವಳು ಊದುಗೊಳವೆಯನ್ನು ಒಳಗೆ ಇಟ್ಟು, ಎರಡು ಕೈಯನ್ನೂ ಮಂಡಿಯ ಕೆಳಗೆ ಸಿಕ್ಕಿಸಿಕೊಂಡು ಕೂರುವುದನ್ನು ಕಲಿತಳು.

ಅಮಾವಾಸ್ಯೆಯ ಹಿಂದಿನ ದಿನ ಅತ್ತಿಗೆ ಒಂದು ನಿಂಬೆಹಣ್ಣನ್ನೂ ನಾಲ್ಕು ಹಸಿ ಮೆಣಸಿನಕಾಯಿಯನ್ನೂ ದಾರಕ್ಕೆ ಪೋಣಿಸಿ ನಮ್ಮ ಎತ್ತಿನ ಗಾಡಿಯ ಮುಂದಿನ ಮೂಕಿಗೆ ಕಟ್ಟುತ್ತಿದ್ದಳು. ನಾನು ನೋಡುತ್ತಾ ನಿಂತೆ.

"ತಿಂದಿದ್ದಂಗೇ ಮಡಗ್ತೀವಿ ಅಂತ ತಾನೆ ಅತ್ತೆ ಹೇಳಿದ್ದು?" ಎಂದಳು. "ಒಂದ್ ಸುತ್ತು ಹೊಲದವರ್ಗೂ ಓಡ್ಸ್ಕೊಂಡ್ ಬಾ."

ನಾನು ಗಾಡಿ ಕಟ್ಟಿ ಹೊಲಕ್ಕೆ ಹೋಗಿ ಬಂದೆ. ಅವ್ವ ಜಗಲಿಯಿಂದ ನೋಡಿ, "ಒಳ್ಳೇದಾಯ್ತು. ನಮ್ ಮನೆಗೆ ದೃಷ್ಟಿನೇ ಆಗಿತ್ತು" ಎಂದಳು.

ಅಮಾವಾಸ್ಯೆಯ ದಿನ ಮಧ್ಯಾಹ್ನ ಹಿತ್ತಿಲಿನಲ್ಲಿ ಕೆಂಡ ಮಾಡಿದೆವು. ಕಮ್ಮಾರನಿಂದ ಒಂದು ಸಲಾಕೆ ತಂದಿದ್ದೆ. ಕೋಳಿಗೆ ಬಳಿಯುವ ಹೊತ್ತಿಗೆ ಅತ್ತಿಗೆ ಗಾಡಿಯಿಂದ ಬಿಚ್ಚಿದ ನಿಂಬೆಹಣ್ಣು ಮೆಣಸಿನಕಾಯಿಯನ್ನು ಸೆರಗಿನ ಮರೆಯಲ್ಲಿ ತಂದಳು. ಉಪ್ಪಿನ ಮರಿಗೆ ಪಕ್ಕದಲ್ಲೇ ಇತ್ತು. ನಾನು ಅದರ ಕಡೆ ನೋಡಿದೆ. ಎಡೆಯ ಕೋಳಿ ಸಪ್ಪೆಯಾದರೆ ಬಂದವರು ಏನನ್ನಬಹುದು ಎಂದು ಅಳುಕಿತ್ತು. ಅತ್ತಿಗೆ ಮರಿಗೆಯನ್ನು ಎತ್ತಿ ಒಳಗಿಟ್ಟು ಬಂದಳು. ಬೂದಿ ಕಟ್ಟುವವರೆಗೆ ಕಾದು, ಒಂದು ಗೇಣು ಮೇಲೆ ಹಿಡಿದು, ತಿರುಗಿಸುತ್ತಾ ಕೂತೆವು. ನನ್ನ ಕೈ ಸೋತಾಗ ಅವಳು, ಅವಳ ಕೈ ಸೋತಾಗ ನಾನು. ಚರ್ಮ ಮೊದಲು ಬಿಗಿದು, ಹಳದಿಯಾಗಿ, ಆಮೇಲೆ ಜೇನಿನ ಬಣ್ಣಕ್ಕೆ ಬಂತು. ಒಂದು ಹನಿ ಕೊಬ್ಬು ಬಿದ್ದಾಗ ಮಾತ್ರ ಸ್ವಲ್ಪ ಹೊಗೆ ಎದ್ದು ನಮ್ಮಿಬ್ಬರ ನಡುವೆ ಹಾದುಹೋಯಿತು. ಹಸಿವಾಗುವಂಥ ಆ ವಾಸನೆ ನಮ್ಮ ಹಿತ್ತಿಲಿಗೆ ಹೊಸದು.

ಎಡೆ ಇಟ್ಟು ಧೂಪ ಹಾಕಿ, ನಾವೆಲ್ಲ ಹೊರಗೆ ಬಂದು ಬಾಗಿಲು ಮುಂದೆ ಮಾಡಿಕೊಂಡೆವು. ಹಿರಿಯರು ಬಂದು ಉಣ್ಣುವಷ್ಟು ಹೊತ್ತು ಯಾರೂ ಒಳಗೆ ಇರಬಾರದು. ಅವ್ವ ಜಗಲಿಯಲ್ಲಿ ಗಾಡಿಯ ಕಡೆ ನೋಡುತ್ತಾ ಕೂತಿದ್ದವಳು, "ನಿಂಬೆಹಣ್ಣು ಎಲ್ಲೋ ಬಿದ್ದೋಗಿದೆ ಕಣ್ಲಾ" ಎಂದಳು. ಅತ್ತಿಗೆ ಕಂಬದ ಆ ಕಡೆಗೆ ತಿರುಗಿದಳು.

ಈ ನಿಂಬೆಹಣ್ಣಿನ ಸಂಗತಿ ಗೊತ್ತಿದ್ದವರು ಕೊನೆಗೆ ನಾವಿಬ್ಬರೇ. ಎಷ್ಟೋ ವರ್ಷಗಳ ಮೇಲೆ, ಈಗ ಹೋದ ತಿಂಗಳು, ಅತ್ತಿಗೆಯೂ ಹೋದಳು. ಅವಳ ಹಾಲುತುಪ್ಪಕ್ಕೆ ಕಾಗೆ ನಾವು ಎಲೆ ಹಾಸುವಷ್ಟರಲ್ಲೇ ಬಂತು. ಈ ಗುಟ್ಟನ್ನು ನಾನೊಬ್ಬನೇ ಇಟ್ಟುಕೊಂಡು ಏನು ಮಾಡಲಿ ಎಂದು ಬರೆಯುತ್ತಿದ್ದೇನೆ.

ಅಂದು ಹಿರಿಯರು ಉಂಡಿರಬಹುದು ಎನ್ನಿಸಿದ ಮೇಲೆ ಬಾಗಿಲು ತಟ್ಟಿ ತೆರೆದು ಒಳಗೆ ಹೋದೆವು. ಎಡೆಯನ್ನು ಎತ್ತಿ ಅವ್ವ ಎಲ್ಲರಿಗೂ ಹಂಚಿದಳು. ತನ್ನ ಪಾಲಿನ ತೊಡೆಯನ್ನು ಕಚ್ಚಿ, ಅಗಿದು, ಮುಖ ಎತ್ತಿದಳು.

"ಬೆಂದದೆ. ಉಪ್ಪು?"

"ಕಾಡಲ್ಲಿ ಅವ್ರಿಗೂ ಇರ್ಲಿಲ್ವಂತೆ ಅತ್ತೆ" ಎಂದಳು ಅತ್ತಿಗೆ.

ಅವ್ವನ ಕೈ ಉಪ್ಪಿನ ಮರಿಗೆಯವರೆಗೆ ಹೋಗಿ ನಿಂತಿತು. "ಇದ್ಕೇನಾ ಅವ್ನು ಅಷ್ಟ್ ವರ್ಸ ಹೊಗಳ್ತಿದ್ದುದು? ನನ್ ಸಾರಿನ ಮುಂದೆ ಕೂತ್ಕೊಂಡು?"

"ಹೂಂ ಅವ್ವ."

"ಬಡಾಯಿ ನನ್ಮಗ" ಎಂದಳು. ಮರಿಗೆಯನ್ನು ದೂರಕ್ಕೆ ತಳ್ಳಿ, ಆ ತುಂಡನ್ನು ಸಪ್ಪೆಯಾಗಿಯೇ, ಮೂಳೆ ಬಿಳಿಯಾಗುವವರೆಗೆ ತಿಂದಳು.