ತಟ್ಟೆಗೆ ಬಿದ್ದ ಶಾಪಗಳು

ಭದ್ರಾವತಿಯ ನಮ್ಮ ಚರ್ಚಿನಲ್ಲಿ ಹೊಸ ವರ್ಷದ ಬೆಳಿಗ್ಗೆ ಎಲ್ಲರೂ ತಟ್ಟೆಯಿಂದ ಒಂದೊಂದು ವಾಗ್ದಾನದ ಚೀಟಿ ಎತ್ತುತ್ತಾರೆ. ಅದರಲ್ಲಿರುವ ದೇವರ ಮಾತು ಇಡೀ ವರ್ಷಕ್ಕೆ. ನಾನು ಕನ್ನಡ ಮೇಡಂ ಎಂಬ ಕಾರಣಕ್ಕೆ ಚೀಟಿ ಬರೆಯುವ ಕೆಲಸ ನನ್ನ ತಲೆಗೆ ಬಿದ್ದಿತ್ತು. ಆ ವರ್ಷ ಪಾಸ್ಟರು, "ಪ್ರವಾದಿಗಳ ಮಾತೇ ತೆಗೀರಿ" ಅಂದರು. ಬೈಬಲಿನ ಪ್ರವಾದಿಗಳೋ, ಪುಸಲಾಯಿಸುವ ಜನವಲ್ಲ. ದೇವರೊಡನೆ ಮಾಡಿಕೊಂಡ ಒಡಂಬಡಿಕೆಯಂತೆ ನಡೆದರೆ ಮಳೆ, ಬೆಳೆ, ನೆಮ್ಮದಿ. ತಪ್ಪಿದರೆ ಮಿಡತೆ, ಬರ, ಕತ್ತಿ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತಾರೆ. ನಾನು ಹಾಗೆಯೇ ಬರೆದು, ಆಮೇಲೆ ಹೆದರಿ, ಪ್ರತಿ ಚೀಟಿಯನ್ನೂ ಕತ್ತರಿಯಿಂದ ಎರಡು ಮಾಡಿದೆ. ಆಶೀರ್ವಾದ ತಟ್ಟೆಗೆ, ಶಾಪ ಕಸಕ್ಕೆ.

ನಮ್ಮ ಸೋದರತ್ತೆಗೆ, ಅಂದರೆ ಅಪ್ಪನ ಅಕ್ಕನಿಗೆ, ಓದು ಬಾರದು. ನಾನು ಸ್ನಾನಕ್ಕೆ ಹೋಗಿದ್ದಾಗ ಕಸದ ಬುಟ್ಟಿ ನೋಡಿದವಳೇ, ದೇವರ ಮಾತನ್ನು ಯಾರಾದರೂ ಎಸೆಯುತ್ತಾರೆಯೇ ಎಂದು ಅಷ್ಟನ್ನೂ ಬಾಚಿ, ಸೆರಗಿನಲ್ಲಿ ಒರೆಸಿ, ನನ್ನಂತೆಯೇ ಸುರುಳಿ ಸುತ್ತಿ ತಟ್ಟೆಗೆ ಸೇರಿಸಿದ್ದಳು.

ಅರ್ಧ ಸಭೆಗೆ ಶಾಪ ಬಂತು. ಮಿಡತೆ ಬಂದವರು ಬರ ಬಂದವರೊಡನೆ ಚೀಟಿ ಬದಲಿಸಿಕೊಳ್ಳುತ್ತಿದ್ದರು. ದ್ರಾಕ್ಷಾರಸ ನಿಮ್ಮ ಬಾಯಿಗೆ ಬೀಳದು ಎಂಬ ಚೀಟಿ, ಊರಿಗೇ ಗೊತ್ತಿದ್ದ ಕುಡುಕರೊಬ್ಬರಿಗೆ ಸಿಕ್ಕಿ, ಅವರ ಹೆಂಡತಿ ಎರಡೂ ಕೈಯೆತ್ತಿ ಸ್ತೋತ್ರ ಹೇಳಿದರು. ನನ್ನ ಅಪ್ಪನಿಗೆ ಬಂದದ್ದು, ಕಟ್ಟಿದ ಮನೆಯಲ್ಲಿ ನೀವು ವಾಸಮಾಡಲಾರಿರಿ ಎಂಬುದು.

ಮಾರನೆಯ ದಿನವೇ ನಾವು ಶಿವಮೊಗ್ಗದ ರವೀಂದ್ರನಗರದಲ್ಲಿ ಕಟ್ಟಿಸಿದ್ದ ಮನೆಗೆ ಹೋಗುವವರಿದ್ದೆವು. ಅತ್ತೆ ಮಾತ್ರ ಭದ್ರಾವತಿಯ ಹಳೇ ಮನೆಯಲ್ಲೇ ಉಳಿಯಬೇಕಿತ್ತು. ತಾಯಿಯಿಲ್ಲದ ಅಪ್ಪನನ್ನು ಸಾಕುವುದರಲ್ಲೇ ಮದುವೆಯ ವಯಸ್ಸು ಕಳೆದವಳು ಅವಳು. ಮನೆ ಕಟ್ಟಿದರೆ ನಿನಗೊಂದು ಕೋಣೆ ಎಂದು ಅಪ್ಪ ಎಷ್ಟೋ ವರ್ಷದಿಂದ ಹೇಳಿದ್ದರು. ಆ ಕೋಣೆಯಲ್ಲಿ ಈಗ ಸೋಫಾ ಇತ್ತು. ನನಗೆ ಅಪ್ಪನ ಮೇಲೆ ಸಿಟ್ಟಿತ್ತು, ಹೇಳುವ ಧೈರ್ಯ ಇರಲಿಲ್ಲ.

ಅಪ್ಪನಿಗೆ ಕತ್ತರಿಯ ಕತೆಯನ್ನೆಲ್ಲ ಬಿಡಿಸಿ ಹೇಳಿದೆ. "ಕೈಗೆ ಬಂದಿದ್ದು ಬಂತು. ವಾಸ ಮಾಡೋ ಹಾಗಿಲ್ಲ" ಎಂದ ಅಪ್ಪ ಶಾಪವನ್ನೇ ಆಜ್ಞೆಯಂತೆ ಪಾಲಿಸತೊಡಗಿದರು. ಹೊಸ ಮನೆಯ ಕಾರ್ ಶೆಡ್ಡಿನಲ್ಲಿ ಮಡಚುವ ಮಂಚ ಹಾಕಿಕೊಂಡರು. ಸ್ನಾನ ವಾಸವಲ್ಲ, ನಿದ್ದೆ ವಾಸ ಎಂದು ಅವರೇ ತೀರ್ಪು ಕೊಟ್ಟರು. ಊಟ ಯಾವುದೆಂದು ಇತ್ಯರ್ಥವಾಗದೆ, ಒಂದು ಕಾಲನ್ನು ಹೊಸ್ತಿಲ ಹೊರಗಿಟ್ಟು ಉಣ್ಣುತ್ತಿದ್ದರು.

"ಮಾರಾಯ್ರೆ, ಬೀದಿಯವರೆಲ್ಲ ನಗ್ತಿದ್ದಾರೆ, ಒಳಗೆ ಬನ್ನಿ" ಎಂದು ಅಮ್ಮ ಗೋಗರೆದರು.

ಐದನೇ ದಿನ ಪಾಸ್ಟರು ಬಂದು ಶೆಡ್ಡಿನಲ್ಲೇ ಕುಳಿತರು. "ಬ್ರದರ್, ಪ್ರವಾದಿಗಳು ಸುಮ್ಸುಮ್ನೆ ಶಾಪ ಹಾಕಲ್ಲ. ಮಾತು ಮುರಿದೋರು ತಿರುಗಿ ಬರ್ಲಿ ಅಂತ ಹೇಳಿದ್ದು ಅದು. ನೀವು ಯಾರಿಗಾದ್ರೂ ಮಾತು ಕೊಟ್ಟು ತಪ್ಪಿದ್ದೀರಾ?"

ಅಪ್ಪ ಕಿಟಕಿಯಾಚೆಯ ಸೋಫಾ ನೋಡಿದರು. ಮಧ್ಯಾಹ್ನ ಸೋಫಾ ಶೆಡ್ಡಿಗೆ ಬಂತು. ಅಪ್ಪ ತಾವೇ ಭದ್ರಾವತಿಗೆ ಹೋಗಿ ಸಂಜೆ ಬಸ್ಸಿಗೆ ಅತ್ತೆಯನ್ನು ಟ್ರಂಕಿನ ಸಮೇತ ಕರೆತಂದರು. ಅವಳನ್ನು ಮುಂದೆ ಬಿಟ್ಟುಕೊಂಡು, ಎರಡೂ ಕಾಲಿಟ್ಟು ಒಳಗೆ ಬಂದರು.

ತನ್ನ ಕೋಣೆಯಲ್ಲಿ ಟ್ರಂಕು ಬಿಚ್ಚುತ್ತ ಅತ್ತೆ ನನ್ನ ಕೈಗೊಂದು ಚೀಟಿ ಕೊಟ್ಟಳು. "ನಂದು ಯಾರೂ ಓದೇ ಇಲ್ಲ ಕಣೆ. ಏನಿದೆ ನೋಡು."

ಬಿಡಿಸಿದೆ. ಬಿತ್ತುವವರು ನೀವು, ಉಣ್ಣುವವರು ಬೇರೆಯವರು ಎಂಬ ಶಾಪ, ನನ್ನದೇ ಅಕ್ಷರದಲ್ಲಿ. ಅವಳು ಇಷ್ಟು ವರ್ಷ ಬದುಕಿದ್ದೇ ಹಾಗೆ. ಉಂಡವರಲ್ಲಿ ನಾನೂ ಒಬ್ಬಳು.

"ನೀನು ಬಿತ್ತಿದ್ದನ್ನ ನೀನೇ ಉಣ್ತೀಯ ಅಂತಿದೆ ಅತ್ತೆ" ಎಂದೆ.

ಅತ್ತೆ ಕಣ್ಣು ಮುಚ್ಚಿ "ಆಮೆನ್" ಎಂದಳು. ಆಮೇಲೆ, ಅನ್ನ ಆಗಿದೆಯಾ ಎಂದು ಕೇಳಿದಳು.