ಯಾರ ಮೇಲೆ ಈ ಹಾಡು?

ಮೊನ್ನೆ ಮದ್ದೂರಿನಿಂದ ಮಳವಳ್ಳಿಗೆ ಹೋಗುವ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನವರ ಜೇಬಿನಿಂದ ಒಂದು ಭಾವಗೀತೆ ಎದ್ದಿತು. ಮೊದಲು ತಬಲಾ, ಅದರ ಬೆನ್ನಿಗೆ ಕೊಳಲು, ಆಮೇಲೆ ಒಬ್ಬ ಹೆಣ್ಣುಮಗಳ ದನಿ: ‘ಏರಿ ಮೇಲೆ ನೀನು ನಡೆದರೆ ನೀರಿಗೇಕೆ ನಡುಕವೋ.’ ದನಿ ನಡುಕದ ತನಕ ಬರುವಷ್ಟರಲ್ಲಿ ಅವರು ಫೋನು ತೆಗೆದು ಕಿವಿಗಿಟ್ಟುಕೊಂಡು, “ಆ, ಏಳು. ಬೂಸಾ ತಕ್ಕಂಡಿವ್ನಿ. ಇಂಡಿ ಸಿಗ್ನಿಲ್ಲ” ಎಂದರು. ಹಾಡು ಹೋಗಿ ಹಸುವಿನ ಮೇವಿನ ಮಾತು ಬಂತು. ನಾನು ಮಾತ್ರ ಆ ನಡುಕದಲ್ಲೇ ಉಳಿದೆ. ಏಕೆಂದರೆ ಈ ಹಾಡಿನಿಂದ ಒಮ್ಮೆ ನನ್ನ ಓದು ನಿಂತುಹೋಗುವುದರಲ್ಲಿತ್ತು.

ನಮ್ಮ ಮನೆಯಲ್ಲಿ ಪದವಿ ಪಡೆದ ಮೊದಲಿಗಳು ನಾನು. ಇದನ್ನು ಹೇಳದೆ ಯಾವ ಮಾತನ್ನೂ ಮುಂದುವರಿಸುವವಳಲ್ಲ ಎಂದು ಕಾಲೇಜಿನ ಸಹೋದ್ಯೋಗಿಗಳು ನಗುತ್ತಾರೆ. ಎಂ.ಎ. ಆದಮೇಲೂ ಹೆಸರಿನ ಮುಂದೆ ಬಿ.ಎ. ಏಕೆ ಬರೆದುಕೊಳ್ಳುತ್ತೀರಿ ಎಂದು ಕೇಳುತ್ತಾರೆ. ಎರಡನ್ನೂ ಬರೆಯುತ್ತೇನೆ. ಎರಡಕ್ಕೂ ಬೇರೆ ಬೇರೆಯಾಗಿ ಬಸ್ಸು ಹತ್ತಿದ್ದೇನೆ.

ಆ ಬಸ್ಸು ಹತ್ತಬೇಕೆಂದರೆ ನಮ್ಮೂರಿನ ಕೆರೆ ಏರಿ ದಾಟಿ ರಸ್ತೆಗೆ ಬರಬೇಕಿತ್ತು. ಬೆಸಗರಹಳ್ಳಿಯ ಆಚೆಗೆ ನಮ್ಮೂರು. ಅಲ್ಲಿಂದ ಮದ್ದೂರು, ಮದ್ದೂರಿನಿಂದ ಮಂಡ್ಯ. ಮಂಡ್ಯದ ಕಾಲೇಜಿನಲ್ಲಿ ಈ ಪದ್ಯ ಮೊದಲು ನನಗೆ ಸಿಕ್ಕಿದ್ದು ಹಾಡಾಗಿ ಅಲ್ಲ, ಪಠ್ಯವಾಗಿ. ‘ಈ ಪದ್ಯದ ಸ್ವಾರಸ್ಯವನ್ನು ವಿವರಿಸಿ’ ಎಂದು ಪರೀಕ್ಷೆಯಲ್ಲಿ ಕೇಳಿದ್ದರು. ಪ್ರಿಯತಮ ಏರಿಯ ಮೇಲೆ ನಡೆಯುವುದು ಒಂದು ಪ್ರತಿಮೆ, ನೀರು ನಡುಗುವುದು ಇನ್ನೊಂದು ಪ್ರತಿಮೆ ಎಂದು ಒಂದೂವರೆ ಪುಟ ತುಂಬಿಸಿ ಬಂದಿದ್ದೆ. ಅಂಕವೂ ಚೆನ್ನಾಗಿಯೇ ಬಂದಿತ್ತು. ಏರಿ ಎಂದರೆ ನಾನು ದಿನಾ ತುಳಿಯುವ ಏರಿ ಎಂಬುದು ಮಾತ್ರ ಹೊಳೆದಿರಲಿಲ್ಲ. ಪುಸ್ತಕದ ಕೆರೆಗೂ ನಮ್ಮೂರ ಕೆರೆಗೂ ಯಾವ ಸಂಬಂಧವೂ ಇಲ್ಲವೆಂದೇ ನಾನು ನಂಬಿದ್ದೆ. ಓದಿದವರು ಹಾಗೆ ನಂಬಬೇಕು ಎಂದುಕೊಂಡಿದ್ದೆನೋ ಏನೋ.

ಆಮೇಲೆ ನಮ್ಮ ಇಂಗ್ಲಿಷ್ ಮೇಡಂ ಒಂದು ದಿನ ಹಾರ್ಮೋನಿಯಂ ತಂದರು. ಅವರಿಗೆ ಸುಗಮ ಸಂಗೀತದ ಹುಚ್ಚು. ಅಂತರಕಾಲೇಜು ಭಾವಗೀತೆ ಸ್ಪರ್ಧೆಗೆ ಹುಡುಗಿಯರನ್ನು ತಯಾರು ಮಾಡುತ್ತಿದ್ದರು. ಪುಟದ ಮೇಲೆ ಚಪ್ಪಟೆಯಾಗಿ ಮಲಗಿದ್ದ ಆ ಪದ್ಯವನ್ನು ಅವರು ರಾಗಕ್ಕೆ ಎತ್ತಿಕೊಂಡಾಗ, ನೋಡಿ, ನನ್ನ ಮೈ ಜುಂ ಎಂದಿತು. ‘ನಡುಕವೋ’ ಎನ್ನುವಲ್ಲಿ ದನಿಯನ್ನು ನಡುಗಿಸದೆ, ಒಂದು ಕ್ಷಣ ನಿಲ್ಲಿಸಿ, ಕೆಳಗಿಳಿಸಿದರು. ನಾನು ಬರೆದಿದ್ದ ಒಂದೂವರೆ ಪುಟದಲ್ಲಿ ಆ ನಿಲುಗಡೆ ಇರಲಿಲ್ಲ.

ಹಾಡಿನಲ್ಲಿ ನನಗೆ ಹಿಡಿಸಿದ್ದು ಪ್ರೇಮವಲ್ಲ, ನಂಬಿದರೆ ನಂಬಿ. ಹಿಡಿಸಿದ್ದು ಅದರ ಚರಣಗಳಲ್ಲಿ ಬರುವ ‘ನಾನು’. ನಮ್ಮ ಮನೆಯಲ್ಲಿ ಬರೀ ನಾನು ಎಂಬುವಳು ಯಾರೂ ಇರಲಿಲ್ಲ. ಕೆಂಪಯ್ಯನ ಮಗಳು ಇದ್ದಳು, ದೊಡ್ಡವ್ವನ ಕೂಸು ಇದ್ದಳು, ತಮ್ಮನಿಗೆ ಅಕ್ಕ ಇದ್ದಳು. ಊರಿಲ್ಲದ, ಮನೆತನವಿಲ್ಲದ, ಸೀದಾ ‘ನಾನು’ ಎಂದು ಶುರುವಾಗುವ ಮಾತು ಅಲ್ಲಿತನಕ ನನ್ನ ಬಾಯಿಗೆ ಬಂದಿರಲಿಲ್ಲ. ಹಾಡಿಕೊಳ್ಳುತ್ತ ಏರಿ ದಾಟುವಾಗ ಯಾರ ಮಗಳೂ ಅಲ್ಲದವಳಂತೆ ಹಗುರಾಗಿ ನಡೆಯುತ್ತಿದ್ದೆ.

ಹಾಡು ನಮ್ಮ ಮನೆಗೆ ಹೊಸದೇನಲ್ಲ. ನನ್ನ ದೊಡ್ಡವ್ವ, ಎಂದರೆ ಅಪ್ಪನ ಅಣ್ಣನ ಹೆಂಡತಿ, ಸುತ್ತಿನ ಹಳ್ಳಿಗಳಲ್ಲಿ ಸೋಬಾನೆ ಹೇಳುವವಳು. ಮದುವೆ, ಒಸಗೆ, ಯಾವುದಿದ್ದರೂ ಅವಳಿಗೆ ಕರೆ ಬರುತ್ತಿತ್ತು. ಅವಳ ಪದದಲ್ಲಿ ಎಲ್ಲರಿಗೂ ಹೆಸರಿರುತ್ತಿತ್ತು. ಹಸೆಗೆ ಕೂತ ಹುಡುಗಿಯ ಹೆಸರು, ಗಂಡಿನ ಹೆಸರು, ಸೋದರಮಾವನ ಹೆಸರು, ಎಲ್ಲವನ್ನೂ ಅವತ್ತಿನ ಅವತ್ತಿಗೆ ಕೇಳಿಕೊಂಡು ಪದದೊಳಗೆ ಕೂರಿಸುತ್ತಿದ್ದಳು. ಬೀಗರನ್ನು ಜರಿಯುವ ಪದದಲ್ಲಂತೂ ಬೀಗಿತ್ತಿಯ ಹೆಸರು ಬಿದ್ದೊಡನೆ ಚಪ್ಪರವೆಲ್ಲ ನಗುತ್ತಿತ್ತು. ನಮ್ಮ ಕಡೆ ಪದ ಎಂದರೆ ಅದು ಒಬ್ಬರ ಮೇಲೆ ಹೇಳುವುದು. ಯಾರ ಮೇಲೂ ಅಲ್ಲದ ಪದವನ್ನು ಅಲ್ಲಿ ಯಾರೂ ಕೇಳಿರಲಿಲ್ಲ.

ಬಿ.ಎ. ಎರಡನೇ ವರ್ಷ ಮುಗಿಯುವ ಹೊತ್ತಿಗೆ ದುದ್ದದ ಕಡೆಯಿಂದ ನನ್ನನ್ನು ನೋಡಲು ಬಂದರು. ನೀರಾವರಿ ಜಮೀನು, ಹುಡುಗನಿಗೆ ಕಾರ್ಖಾನೆಯಲ್ಲಿ ಕೆಲಸ. ಒಪ್ಪಿದರೆ ಯುಗಾದಿ ಕಳೆದ ಮೇಲೆ ಮದುವೆ, ಮೂರನೇ ವರ್ಷದ ಮಾತಿಲ್ಲ ಎಂದು ಅಪ್ಪ ಮಧ್ಯಸ್ಥಿಕೆಯವರಿಗೆ ಹೇಳಿಬಿಟ್ಟಿದ್ದ. ನನಗೆ ಮೂರನೇ ವರ್ಷ ಬೇಕಿತ್ತು. ಎರಡು ವರ್ಷ ಓದಿದವಳನ್ನು ಯಾರೂ ಮುಕ್ಕಾಲು ಗ್ರಾಜುಯೇಟ್ ಎನ್ನುವುದಿಲ್ಲ. ಆದರೆ ಅಪ್ಪನ ಎದುರು ಬೇಡ ಎನ್ನುವ ಧೈರ್ಯ ಇರಲಿಲ್ಲ. ಸೀರೆ ಉಟ್ಟು, ಉಪ್ಪಿಟ್ಟು ಕೇಸರಿಬಾತು ಕೊಟ್ಟು, ಚಾಪೆಯ ಮೇಲೆ ಕೂತೆ.

ಹುಡುಗನ ತಾಯಿ ಒಳ್ಳೆಯ ಹೆಂಗಸು, ನಗುಮುಖ. “ಒಂದು ಪದ ಏಳವ್ವ, ಕೇಳವ” ಎಂದರು. ನನಗೆ ಪೂರ್ತಿ ಬರುತ್ತಿದ್ದದ್ದು ಅದೊಂದೇ. ಸ್ಪರ್ಧೆ ಹತ್ತಿರವಿತ್ತು, ಗಂಟಲು ತಯಾರಿತ್ತು, ಸ್ವಲ್ಪ ಜಂಬವೂ ಇತ್ತು. ಸಂಬಂಧ ತಪ್ಪಿಸಬೇಕೆಂಬ ಉಪಾಯವೇನೂ ಇರಲಿಲ್ಲ. ಅಷ್ಟು ಬುದ್ಧಿವಂತೆಯಾಗಿದ್ದರೆ ಇವತ್ತು ಇದನ್ನು ಇನ್ನೂ ಹೆಮ್ಮೆಯಿಂದ ಬರೆಯುತ್ತಿದ್ದೆ. ಮೇಡಂ ಕಲಿಸಿದಂತೆ ಕಣ್ಣು ಅರೆ ಮುಚ್ಚಿ, ತೊಡೆಯ ಮೇಲೆ ಬೆರಳಲ್ಲಿ ತಾಳ ಇಟ್ಟು ಹಾಡಿದೆ. ಎಲ್ಲ ಚರಣಗಳನ್ನೂ ಹಾಡಿದೆ.

ಮುಗಿದಾಗ ಯಾರೂ ತಲೆದೂಗಲಿಲ್ಲ.

“ಚೆನ್ನಾಗಿ ಏಳ್ತೀಯ ಕಣವ್ವ” ಎಂದರು ಹುಡುಗನ ತಾಯಿ. ಆಮೇಲೆ, “ಯಾರ ಮ್ಯಾಲೆ ಇದು?” ಎಂದರು.

“ಯಾರ ಮೇಲೂ ಅಲ್ಲ. ಭಾವಗೀತೆ” ಎಂದೆ.

“ಅದು ಸರಿ. ಎಸ್ರು ಬರ್ನೇ ಇಲ್ವಲ್ಲ. ಎಸ್ರಿಲ್ದೆ ಯಾರ್ನ ನೀನು ನೀನು ಅಂತ ಕರೀತಿದ್ದೆ?”

“ಅದು ಕವಿಯ ಕಲ್ಪನೆ.”

“ಅಂಗಾರೆ ಏರಿ? ನಿಮ್ಮೂರಲ್ಲಿ ಏರಿ ಐತಲ್ಲವ್ವ, ನಾವು ಅದ್ರ ಮ್ಯಾಲೇ ಬಂದೊ.”

ಅಲ್ಲಿಗೆ ಮುಗಿಯಿತು. ಅವರು ಜಗಳವೇನೂ ಆಡಲಿಲ್ಲ. ಮನೆಯಲ್ಲಿ ಮಾತಾಡಿ ಹೇಳಿಕಳಿಸುತ್ತೇವೆ ಎಂದು ಎಲೆ ಅಡಿಕೆ ತೆಗೆದುಕೊಂಡು ಹೊರಟರು. ಹೋಗುವಾಗ ಏರಿಯ ಮೇಲೆ ನಿಂತು ಅತ್ತ ಇತ್ತ ನೋಡಿದರಂತೆ, ಯಾರು ನಡೆಯುತ್ತಾರೆ ಎಂದು.

ನೋಡಿದ್ದು ಅವರು ಮಾತ್ರವಲ್ಲ. ಮಾರನೆಯ ದಿನದಿಂದ ಊರೇ ಏರಿಯನ್ನು ಕಾಯತೊಡಗಿತು. ಪದದಲ್ಲಿ ಹೆಸರಿಲ್ಲ, ಏರಿ ಇದೆ. ಹಾಗಾದರೆ ಏರಿಯ ಮೇಲೆ ನಡೆಯುವವನೇ ಇರಬೇಕು. ಬಸ್ಸಿಗೆ ಹೋಗುವ ಹುಡುಗರೆಲ್ಲ ಸುತ್ತು ಹಾಕಿ ಗದ್ದೆಯ ಬದುವಿನ ಮೇಲೆ ಹೋಗತೊಡಗಿದರು. ಕೊನೆಗೆ ಏರಿಯ ಮೇಲೆ ತಪ್ಪದೆ ನಡೆಯುವವನಾಗಿ ಉಳಿದದ್ದು ನೀರುಗಂಟಿ ಸಿದ್ದಯ್ಯ ಒಬ್ಬನೇ. ತೂಬು ಎತ್ತುವುದು ಇಳಿಸುವುದು ಅವನ ಕೆಲಸ. ಮೊಮ್ಮಕ್ಕಳನ್ನು ಕಂಡವನು. ಅರಳಿಕಟ್ಟೆಯವರು ಅವನನ್ನು ಕಾಡಿ ಹಣ್ಣು ಮಾಡಿದ್ದರಿಂದ ಪಾಪ ಮನೆಗೇ ಬಂದ.

“ಕೆಂಪಣ್ಣ, ನಾನು ತೂಬು ಎತ್ತಕ್ಕೆ ಓಯ್ತೀನಿ ಕಣಪ್ಪ. ಎತ್ತುದ್ ಮ್ಯಾಲೆ ನೀರು ನಡುಗದೆ ಇನ್ನೇನ್ ಮಾಡದು?”

ಅಪ್ಪ ನಗಲಿಲ್ಲ. ದುದ್ದದವರಿಂದ ಹೇಳಿಕೆ ಬರಲಿಲ್ಲ. ಬರುವುದಿಲ್ಲ ಎಂದು ಎಲ್ಲರಿಗೂ ಗೊತ್ತಾಗಿತ್ತು. ಆ ಸಂಜೆ ಅಪ್ಪ ನನ್ನನ್ನು ಜಗಲಿಗೆ ಕರೆದ.

“ಯಾರವ್ವ ಅವ್ನು? ಏಳ್ಬುಡು. ಒಡಿಯಾಕಿಲ್ಲ.”

“ಯಾರೂ ಇಲ್ಲಪ್ಪ.”

“ಯಾರೂ ಇಲ್ದೆ ಅಂಗೆ ಕಣ್ಮುಚ್ಕಂಡು ಏಳ್ತಾರಾ? ಕಾಲೇಜು ಸಾಕು ಬುಡು. ನಾಳಿಂದ ಬ್ಯಾಡ.”

ಮೇಡಂ ಕಲಿಸಿದ ಅರೆ ಮುಚ್ಚಿದ ಕಣ್ಣು ನನ್ನ ಮೇಲೆ ಸಾಕ್ಷಿ ಹೇಳುತ್ತಿತ್ತು. ಪ್ರತಿಮೆ, ಕಲ್ಪನೆ ಎಂದು ನಾನು ಬಡಬಡಿಸಿದೆ. ಪರೀಕ್ಷೆಯಲ್ಲಿ ಒಂದೂವರೆ ಪುಟ ಬರೆದವಳಿಗೆ ಅಪ್ಪನಿಗೆ ಹೇಳಲು ಒಂದು ವಾಕ್ಯ ಸಿಗಲಿಲ್ಲ. ಕಾಲೇಜು ಕೈತಪ್ಪಿತೆಂದು ಅಳಲು ಶುರುಮಾಡಿದೆ. ಆಗ ಒಳಗೆ ಮೊರದಲ್ಲಿ ರಾಗಿ ಕೇರುತ್ತಿದ್ದ ದೊಡ್ಡವ್ವ ಮೊರ ಕೆಳಗಿಟ್ಟು ಬಂದು ಹೊಸಿಲ ಮೇಲೆ ಕೂತಳು.

“ಅಳ್ಬ್ಯಾಡ. ಆ ಪದ ಇನ್ನೊಂದ್ಸಲ ಏಳು.”

“ಈಗಲಾ ದೊಡ್ಡವ್ವಾ?”

“ಈಗಲೇ. ಕೆಂಪ, ನೀನೂ ಕೂತ್ಕೊ.”

ಅಪ್ಪನನ್ನು ಎತ್ತಿ ಆಡಿಸಿ ಬೆಳೆಸಿದವಳು ಅವಳು. ಅಪ್ಪ ಕೂತ. ಮೂಗೊರೆಸಿಕೊಂಡು ಹಾಡಿದೆ. ಓದು ನಿಲ್ಲುತ್ತದೆಂಬ ಹೆದರಿಕೆಗೆ ಇನ್ನೂ ಎಚ್ಚರದಿಂದ ಹಾಡಿದೆ. ಸ್ವರ ತಪ್ಪಲಿಲ್ಲ, ತಾಳ ತಪ್ಪಲಿಲ್ಲ. ದೊಡ್ಡವ್ವ ನನ್ನ ಮುಖ ನೋಡಲೇ ಇಲ್ಲ. ತೊಡೆಯ ಮೇಲಿನ ನನ್ನ ಬೆರಳನ್ನೇ ನೋಡುತ್ತಿದ್ದಳು.

“ಇಲ್ಲ ಕಣ್ಲಾ ಕೆಂಪ” ಎಂದಳು ಮುಗಿದ ಮೇಲೆ. “ಯಾರೂ ಇಲ್ಲ. ಯಾರಾರ ಇದ್ದಿದ್ರೆ ತಾಳ ಇಷ್ಟು ನೆಟ್ಟಗೆ ಬತ್ತಿತ್ತಾ? ಎಲ್ಲಾರ ಒಂದ್ಕಡೆ ಎಡವೋಳು. ಮದ್ವೇಲಿ ಅವರವ್ವಂದೀರು ಪದ ಏಳದ ನೋಡಿಲ್ವಾ? ಮಗಳ ಎಸ್ರು ಬಂದೇಟ್ಗೆ ಗಂಟ್ಲು ಕಟ್ಕತದೆ. ಇವ್ಳು ಬಾಯಿಪಾಟ ಒಪ್ಪುಸ್ತಾವ್ಳೆ. ಕಳುಸ್ಲಾ ಕಾಲೇಜ್ಗೆ.”

ಕೊನೆಗೆ ಅಪ್ಪ, “ಏರಿ ಮ್ಯಾಲೆ ಒಬ್ಳೇ ಓಗದ್ ಬ್ಯಾಡ” ಎಂದ.

“ನಾನ್ ಓಯ್ತೀನಿ ಬುಡು ಜೊತೇಲಿ. ಎಂಗೂ ಉಲ್ಲು ತರ್ಬೇಕು” ಎಂದಳು ದೊಡ್ಡವ್ವ.

ಹೀಗೆ ನನಗೆ ಮೂರನೇ ವರ್ಷ ಸಿಕ್ಕಿತು. ಉಳಿದ ಮಾತು ಹೇಳಿಬಿಡಬೇಕು: ನನಗೆ ಸಂತೋಷದ ಜೊತೆ ಕೋಪವೂ ಬಂತು. ಬಾಯಿಪಾಠವಂತೆ! ಆ ವರ್ಷದ ಸ್ಪರ್ಧೆಯಲ್ಲಿ ಸಮಾಧಾನಕರ ಬಹುಮಾನ ಬಂದು, ಮೇಡಂ ಕೂಡ “ಇನ್ನೊಂದು ಚೂರು ಭಾವ ಬೇಕಿತ್ತು” ಎಂದಾಗ ಕೋಪ ದುಪ್ಪಟ್ಟಾಯಿತು. ಭಾವ ಇಲ್ಲವೆಂದು ದೊಡ್ಡವ್ವ ಹೇಳಿದ್ದರಿಂದಲೇ ತಾನೆ ನಾನು ಕಾಲೇಜು ಬಿಡದೆ ಅಲ್ಲಿ ನಿಂತು ಹಾಡುತ್ತಿದ್ದದ್ದು?

ಮೂರನೇ ವರ್ಷ ಪೂರ್ತಿ ದೊಡ್ಡವ್ವ ಕುಡುಗೋಲು ಹಿಡಿದು ಬೆಳಗಿನಲ್ಲಿ ನನ್ನ ಮುಂದೆ ಏರಿಯ ಮೇಲೆ ನಡೆದಳು. ಬಸ್ಸು ಹತ್ತಿಸಿ, ಅದು ತಿರುವು ದಾಟುವ ತನಕ ನಿಂತಿದ್ದು, ಹುಲ್ಲಿಗೆ ಇಳಿಯುತ್ತಿದ್ದಳು. ದಾರಿಯಲ್ಲಿ ನಾವು ಪದದ ಮಾತು ಆಡಿದ್ದು ಒಂದೇ ಸಲ. “ಯಾರ್ದಾರ ಎಸ್ರು ಆಕಿ ಏಳಿ ನೋಡು, ಆಗ ಬತ್ತದೆ” ಎಂದಿದ್ದಳು. “ಭಾವಗೀತೆಗೆ ಹಾಗೆಲ್ಲ ಹೆಸರು ಹಾಕಬಾರದು ದೊಡ್ಡವ್ವ” ಎಂದು ಪಾಠ ಹೇಳಿದೆ. “ಆಯ್ತು ಕಣಮ್ಮ ಬಿಯ್ಯೇ” ಎಂದಳು. ಬಿ.ಎ. ಎಂದು ನನ್ನನ್ನು ಮೊದಲು ಕರೆದವಳು ಅವಳೇ, ಅದೂ ಅಣಕಿಸಲು.

ಮುಂದೆ ಎಂ.ಎ. ಆಯಿತು, ಮಳವಳ್ಳಿಯಲ್ಲಿ ಕೆಲಸವಾಯಿತು, ಮದುವೆಯಾಯಿತು. ನಮ್ಮ ಯಜಮಾನರು ನನ್ನನ್ನು ನೋಡಲು ಬಂದಾಗ ಹಾಡು ಎಂದು ಕೇಳಲಿಲ್ಲ. ಅದಕ್ಕೇ ಒಪ್ಪಿದೆ. ದೊಡ್ಡವ್ವ ತೀರಿಕೊಂಡು ಕೆಲವು ವರ್ಷಗಳಾದವು. ತರಗತಿಯಲ್ಲಿ ಭಾವಗೀತೆಗಳನ್ನು ಪಾಠ ಮಾಡುವಾಗ ಪಲ್ಲವಿಯನ್ನು ಹಾಡಿ ತೋರಿಸುತ್ತೇನೆ. ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ತಾಳ ತಪ್ಪುವುದಿಲ್ಲ.

ಮೊನ್ನೆಯ ಆ ಬಸ್ಸು ಕೆ.ಎಂ. ದೊಡ್ಡಿ ದಾಟಿ ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ತೆವಳುತ್ತಿತ್ತು. ಮುಂದಿನ ಸೀಟಿನವರ ಜೇಬಿನಲ್ಲಿ ಮತ್ತೆ ತಬಲಾ, ಕೊಳಲು. ಈ ಸಲವೂ ಅವರು ನಡುಕದ ಹೊತ್ತಿಗೆ ಎತ್ತಿಕೊಂಡು, “ಆ, ಬಂದೆ ಕಣೆ, ದೊಡ್ಡಿ ದಾಟ್ತು” ಎಂದು ಇಟ್ಟರು. ತಡೆಯಲಾಗದೆ ಕೇಳಿದೆ, “ಒಳ್ಳೆ ಹಾಡು. ಪೂರ್ತಿ ಕೇಳಬಾರದಾ?”

ಅವರು ತಿರುಗಿ ನೋಡಿ ಸಂಕೋಚದಿಂದ ನಕ್ಕರು. “ನಮ್ಮನೇವ್ಳು ಫೋನ್ ಮಾಡುದ್ರೆ ಮಾತ್ರ ಈ ಪದ ಬತ್ತದೆ ಮೇಡಂ. ಮಗಳು ಆಕ್ಕೊಟ್ಟವ್ಳೆ. ಮಿಕ್ಕೋರ್ಗೆಲ್ಲ ಬರೀ ಟ್ರಿಣ್ ಟ್ರಿಣ್. ತಡ ಮಾಡುದ್ರೆ ಬಯ್ತಾಳೆ, ಅದ್ಕೆ ಬಿರ್ರನೆ ಎತ್ಬುಡದು.”

ಅವರ ಪದಕ್ಕೆ ಹೆಸರಿತ್ತು. ಪೂರ್ತಿ ಕೇಳುವ ಅಗತ್ಯವೇ ಅವರಿಗಿರಲಿಲ್ಲ.

ಕಿಟಕಿಯ ಕಡೆ ತಿರುಗಿ, ಕೇಳಿಸದ ಹಾಗೆ ಹಾಡಿಕೊಂಡೆ. ದೊಡ್ಡವ್ವನ ಮಾತು ನೋಡಿಯೇ ಬಿಡೋಣ ಎಂದು ಹೆಸರು ಹುಡುಕಿದೆ. ಹುಡುಕುವುದೇನು ಬಂತು, ನಾನು ಕಂಡಂತೆ ಆ ಏರಿಯ ಮೇಲೆ ನನ್ನ ಮುಂದೆ ನಡೆದವಳು ಒಬ್ಬಳೇ. ‘ನೀನು’ ಇದ್ದ ಜಾಗದಲ್ಲಿ ‘ದೊಡ್ಡವ್ವ’ ಎಂದು ಹಾಕಿದೆ. ‘ಏರಿ ಮೇಲೆ ದೊಡ್ಡವ್ವ ನಡೆದರೆ...’ ಅದು ಆ ಜಾಗಕ್ಕೆ ಹಿಡಿಸುವುದಿಲ್ಲ. ಉದ್ದ. ಬ್ಯಾಗಿನ ಮೇಲೆ ತಾಳ ಇಡುತ್ತಿದ್ದ ಬೆರಳು ಮುಂದೆ ಹೋಯಿತು, ದನಿ ಹಿಂದೆ ಉಳಿಯಿತು. ಸರಿಮಾಡಿಕೊಂಡು ಮತ್ತೆ ಶುರು ಮಾಡಿದೆ. ಮತ್ತೆ ಅಲ್ಲೇ ನಿಂತಿತು. ಈ ಸಲ ಅಕ್ಷರ ಹೆಚ್ಚಾದದ್ದರಿಂದಲ್ಲ.

“ಮೇಡಂ, ಮಳವಳ್ಳಿ ಬಂತು” ಎಂದರು ಮುಂದಿನ ಸೀಟಿನವರು, ಬೂಸಾದ ಮೂಟೆ ಎತ್ತಿಕೊಳ್ಳುತ್ತ. “ಉಷಾರಿಲ್ವಾ? ಕಣ್ಣು ಕೆಂಪಗವೆ.”

“ಧೂಳು” ಎಂದು ಇಳಿದೆ. ತಾಳ ತಪ್ಪಿತ್ತು.